ರಂಗವ್ವನ ಒಲೆಯ ಇದ್ದಲು

ರಂಗವ್ವ ಗಂಡನಿರುವವಳೋ ಗಂಡ ಸತ್ತವಳೋ ಎಂಬುದು ಊರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಇಂಥ ಬಾಳು ವೈರಿಗೂ ಬೇಡ. ಸತ್ತರೆ ಒಮ್ಮೆ ಅತ್ತು ಮುಗಿಸಬಹುದು, ಇದ್ದರೆ ಬೈದುಕೊಂಡಾದರೂ ಬಾಳುವೆ ಮಾಡಬಹುದು. ಎರಡೂ ಅಲ್ಲದ ಹೆಂಗಸು ಏನು ಮಾಡಬೇಕು, ಹೇಳಿ?

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು, ಜಾಫರಸಾಬನ ಚಹಾದಂಗಡಿಯ ಹಿಂದಿನ ಬಂಡಿದಾರಿ ಹಿಡಿದು ಹೊಳೆಯ ಕಡೆ ನಡೆದರೆ ಸಿಗುವ ಸಣ್ಣ ಊರು ಅವಳದು. ಚೊಳಚಗುಡ್ಡದಿಂದ ಮದುವೆಯಾಗಿ ಬಂದವಳು. ಗಂಡ ಮುದಕಪ್ಪ ಬೀರಪ್ಪ ದೇವರ ಒಕ್ಕಲು, ಕುರಿ ಬಿಟ್ಟರೆ ಬೇರೆ ಲೋಕವಿಲ್ಲ. ಎಪ್ಪತ್ತೊಂದನೇ ಇಸವಿಯ ಬೇಸಿಗೆಯ ಒಂದು ಮುಂಜಾನೆ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋದ. ಸಂಜೆ ಕುರಿ ಬಂದವು, ಮುದಕಪ್ಪ ಬರಲಿಲ್ಲ.

ಅವನ ಅಣ್ಣ ಚಂದಪ್ಪ ಹುಡುಕದ ಜಾಗವಿಲ್ಲ. ಹುನಗುಂದದ ಸಂತೆ, ಇಳಕಲ್ಲಿನ ಪೇಟೆ, ಕಲಾದಗಿಯ ಹೊಳೆದಂಡೆ, ಎಲ್ಲ ತಿರುಗಿ ಬಂದ. ಒಬ್ಬ ನೋಡಿದೆ ಎಂದ, ಇನ್ನೊಬ್ಬ ಅವನಲ್ಲ ಎಂದ. ಸನ್ಯಾಸಿಯಾದ ಎಂದರು, ಹೊಳೆಯ ಪಾಲಾದ ಎಂದರು, ಇಳಕಲ್ಲಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂದೂ ಹೇಳಿ ಪುಣ್ಯ ಕಟ್ಟಿಕೊಂಡರು. ಎಲ್ಲರ ಮಾತನ್ನೂ ರಂಗವ್ವ ಒಂದೊಂದು ದಿನ ನಂಬಿದಳು. ಮಕ್ಕಳಿಲ್ಲ. ಉಳಿದದ್ದು ಕುರಿ, ಒಲೆ, ಕೈಯಲ್ಲಿ ಹಸಿರು ಬಳೆ.

ಆ ಬಳೆಯೇ ದೊಡ್ಡ ಸಮಸ್ಯೆ. ಚಂದಪ್ಪನ ಹೆಂಡತಿ ಹನಮವ್ವ ಬಸುರಿ ಮಗಳಿಗೆ ಕುಬಸ ಮಾಡಿದಾಗ ಕುಂಕುಮದ ತಟ್ಟೆ ಹಿಡಿದ ಹೆಂಗಸು ಸಾಲಾಗಿ ಎಲ್ಲರಿಗೂ ಹಚ್ಚುತ್ತ ಬಂದು ರಂಗವ್ವನ ಮುಂದೆ ನಿಂತುಬಿಟ್ಟಳು. ಹಚ್ಚಬೇಕೋ ಬೇಡವೋ ಎಂದು ಹನಮವ್ವನ ಮುಖ ನೋಡಿದಳು. ಹನಮವ್ವ ಗೋಡೆ ನೋಡಿದಳು.

"ಹಚ್ಚೂದಿದ್ರ ಹಚ್ಚ, ಇಲ್ಲಂದ್ರ ಮುಂದ ನಡಿ. ನನ್ನ ಹಣಿ ಏನ್ ನಿನ್ನ ತಟ್ಟಿ ಕಾಯ್ಕೋತ ಕುಂತಿಲ್ಲ" ಎಂದಳು ರಂಗವ್ವ. ಬಾಯಿ ಜೋರೇ ಅವಳದು. ಆದರೆ ಮನೆಗೆ ಬಂದು ಕಂಬಳಿಯಲ್ಲಿ ಮುಖ ಮುಚ್ಚಿ ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಹೀಗೆ ಏಳೆಂಟು ವರ್ಷ ಸವೆದಿದ್ದಾಗ ಹಳೆಯ ಕಾಲದ ಕುರುಹು ಹುಡುಕುತ್ತ ಊರ ಹೊರಗಿನ ಬೂದಿದಿಬ್ಬ ಅಗೆಯುವವರು ಬಂದರು. ಬೂದಿದಿಬ್ಬವೆಂದರೆ ಹೊಳೆಯ ಹತ್ತಿರ ಆನೆ ಮಲಗಿದಂತಿರುವ ಬೂದುಬಣ್ಣದ ಗುಡ್ಡೆ. ಬೀರಪ್ಪ ಕುರಿಹಟ್ಟಿ ಹಾಕಿ, ಹೋಗುವಾಗ ಹಿಕ್ಕೆಗೆಲ್ಲ ಬೆಂಕಿ ಇಟ್ಟು ಹೋದ ಜಾಗವೆಂದು ಊರವರ ನಂಬಿಕೆ. ಬಂದವರು ಕೇಳಿ ನಕ್ಕು, ಅದೂ ಹೆಚ್ಚುಕಡಿಮೆ ಹಾಗೆಯೇ ಎಂದರು. ಗುಂಪಿಗೆ ಒಬ್ಬರು ದೊಡ್ಡ ಸಾಹೇಬರು, ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು ಹೋಗುವವರು. ದಿನದ ಕೆಲಸವೆಲ್ಲ ಸುಲಭಾ ಬಾಯಿಯದು. ಬಾಗಲಕೋಟೆಯ ಮಾಸ್ತರರ ಮಗಳು, ಓದಿ ಓದಿ ಕನ್ನಡಕ ದಪ್ಪವಾದವಳು, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಬಿಸಿಲಲ್ಲಿ ಕೂತು ಕುಂಚದಿಂದ ಮಣ್ಣು ಸವರುವವಳು. ಮಣ್ಣು ಹೊರಲು ಊರಿನ ಹೆಂಗಸರನ್ನು ಕರೆದರು. ರಂಗವ್ವ ಕುರಿಗಳನ್ನು ಚಂದಪ್ಪನ ಹಿಂಡಿಗೆ ಸೇರಿಸಿ ಬುಟ್ಟಿ ಹಿಡಿದಳು.

ಒಂದು ದಿನ ಗುಂಡಿಯಲ್ಲಿ ತಲೆಬುರುಡೆ ಕಂಡಿತು. ಆಮೇಲೆ ಭುಜ, ಎದೆಗೂಡು. ಕಾಲ ಬಳಿ ಒಂದು ಒಡೆದ ಗಡಿಗೆ. ಸುಲಭಾ ಖುಷಿಯಲ್ಲಿ ಊಟ ಮರೆತಳು. ಹೆಂಗಸರು ಬೆರಳು ಮುರಿದು ದೂರ ಸರಿದರು. ರಂಗವ್ವ ಮಾತ್ರ ಬಗ್ಗಿ ನೋಡಿದಳು. ಎಡ ಮುಂಗೈಯ ಎಲುಬು ನಡುವೆ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು.

ಮುದಕಪ್ಪನ ಎಡಗೈಯೂ ಹಾಗೇ ಇತ್ತು. ಟಗರು ಗುದ್ದಿ ಮುರಿದದ್ದು. ನಾಟಿ ವೈದ್ಯ ಕಟ್ಟಿದ ಕಟ್ಟು ಸಡಿಲವಾಗಿ ಸೊಟ್ಟಗೆ ಬೆಸೆದುಕೊಂಡಿತ್ತು. ಆ ಕೈಯನ್ನು ತಲೆದಿಂಬಾಗಿ ಮಾಡಿಕೊಂಡು ಮಲಗಿದವಳಿಗೆ ಗುರುತು ಹತ್ತದೆ ಇರುತ್ತದೆಯೇ?

"ಬಾಯಾರ, ಈ ಹೆಣ ಯಾವಾಗಿಂದ್ರಿ?" ಎಂದು ಕೇಳಿದಳು.

"ಭಾಳ ಹಳೇದು ರಂಗವ್ವ. ಮೂರು ಸಾವಿರ ವರ್ಷ ಆಗಿರಬಹುದು, ಹೆಚ್ಚೂ ಆಗಿರಬಹುದು."

"ನಿಮಗ ಯಾರ್ ಹೇಳಿದ್ರು?"

ಸುಲಭಾ ನಕ್ಕಳು. ಆದರೆ ರಂಗವ್ವನ ಮುಖ ನೋಡಿ ನಗೆ ನಿಲ್ಲಿಸಿದಳು. ಏನಾಯಿತೆಂದು ಕೇಳಿದಳು. ರಂಗವ್ವ ಗಂಡನ ಹೆಸರು ಬಾಯಿಗೆ ತಾರದೆ, "ನಮ್ಮ ಮನ್ಯಾಂವ" ಎನ್ನುತ್ತಲೇ ಎಲ್ಲ ಹೇಳಿದಳು. ಸೊಟ್ಟ ಕೈ ತೋರಿಸಿದಳು.

ಸುಲಭಾಗೆ ಇದು ಅವನಲ್ಲವೆಂದು ಖಾತ್ರಿಯಿತ್ತು. ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಹೆಂಗಸಿಗೆ ಗಡಿಗೆಯ ಆಕಾರ, ಮಣ್ಣಿನ ಪದರ ಎಂದು ಪಾಠ ಹೇಳಲು ಆದೀತೆ? "ನನ್ನ ಮಾತು ಬಿಡು. ಇಲ್ಲಿ ಇದ್ದಲಿ ಸಿಗ್ತಾವಲ್ಲ, ಅವನ್ನ ಕೇಳೋಣಂತ. ಅವು ತಮ್ಮ ವಯಸ್ಸು ಹೇಳ್ತಾವ" ಎಂದಳು.

"ಇದ್ದಲಿ ಹೇಳತಾವ?"

"ಹೂಂ. ಗಿಡಾ ಅಂದ್ರ ಗಾಳಿ ಉಂಡು ಬೆಳೀತದ. ಗಾಳಿಯೊಳಗ ಇಂಗಾಲ ಅಂತ ಒಂದು ಇರ್ತದ. ಈ ಇದ್ದಲಿ ಅಂದ್ರ ಅದs. ಅದರಾಗ ಮೂರು ನಮೂನಿ. ಹನ್ನೆರಡು, ಹದಿಮೂರು, ಹದಿನಾಲ್ಕು ಅಂತ ಕರೀತೇವಿ. ಮೂವರೂ ಒಂದs ಹೊಟ್ಟಿ ಅಣ್ಣತಮ್ಮಂದಿರು, ತೂಕ ಅಷ್ಟ ಬ್ಯಾರೆ. ಮೊದಲಿನ ಇಬ್ರು ಎಂದೂ ಮನಿ ಬಿಡೂದಿಲ್ಲ. ಹದಿನಾಲ್ಕು ಅನ್ನಾಂವ ಮಾತ್ರ ನಿಲ್ಲೂ ಪೈಕಿ ಅಲ್ಲ, ಸಾವಕಾಶ ಖಾಲಿ ಆಗ್ತಾನ. ಗಿಡಾ ಜೀವಂತ ಇರೂತನಕ ಹೊಸಬರು ಬಂದು ಸೇರ್ತಿರ್ತಾರ. ಗಿಡಾ ಕಡದ ಮ್ಯಾಲ ಯಾರೂ ಬರೂದಿಲ್ಲ, ಬರೇ ಹೋಗೂದs. ಎಷ್ಟು ಉಳದಾರ ಅಂತ ಮಷೀನಿನಾಗ ಎಣಿಸಿದ್ರ, ಎಷ್ಟು ಹಿಂದಿನ ಗಿಡಾ ಅಂತ ತಿಳೀತದ."

ರಂಗವ್ವನ ತಲೆ ಗಿರಕಿ ಹೊಡೆಯಿತು. ಕಣ್ಣಿಗೆ ಕಾಣದವರನ್ನು ಎಣಿಸುವುದೆಂದರೇನು? ಹೋದವರು ಎಲ್ಲಿ ಹೋಗುತ್ತಾರೆ? "ಆ ಸಣ್ಣಾಂವ ಯಾಕ್ರಿ ಮನಿ ಬಿಡ್ತಾನ?" ಎಂದು ಕೇಳಿದಳು.

"ಅವನ ಗುಣಾನ ಹಂಗ."

"ಹೇಳದs ಹೋಗ್ತಾನ?"

"ಯಾವಾಗ ಯಾರು ಹೋಗ್ತಾರ ಅಂತ ಯಾರಿಗೂ ಹೇಳಾಕ ಬರೂದಿಲ್ಲ ರಂಗವ್ವ. ಅರ್ಧಾ ಮಂದಿ ಹೋಗಾಕ ಐದು ಸಾವಿರದ ಮ್ಯಾಲ ಏಳುನೂರು ವರ್ಷ ಬೇಕು, ಅಷ್ಟ ಗೊತ್ತು."

ಮುದಕಪ್ಪನೂ ಮನೆಯ ಸಣ್ಣವನೇ. ಬಾಯಾರು ವಿಜ್ಞಾನ ಹೇಳುತ್ತಿದ್ದಾರೋ ತನ್ನ ಮನೆಯ ಕತೆ ಹೇಳುತ್ತಿದ್ದಾರೋ ರಂಗವ್ವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಒಂದೇ. ಇದ್ದಲು ಹಳೆಯದಾದರೆ ಅವನಲ್ಲ. ಹೊಸದಾದರೆ ಅವನು.

ಅಂದು ಸಂಜೆ ಒಲೆಯ ಮುಂದೆ ಕೂತವಳಿಗೆ ರೊಟ್ಟಿ ಬಡಿಯಲು ಕೈ ಬರಲಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಕುರಿ ಕಾಯುತ್ತ ಪರಊರ ಅಡವಿಯಲ್ಲಿ ಯಾರಾದರೂ ಸತ್ತರೆ ಅಲ್ಲೇ ಮಣ್ಣು ಮಾಡಿ, ಸುದ್ದಿ ಮುಟ್ಟಿದ ಮೇಲೆ ಮನೆಯವರು ಹೋಗಿ ತಮ್ಮ ಒಲೆಯ ಇದ್ದಲು ಒಂದು ಹಿಡಿ ಅವನ ತಲೆಯ ಹತ್ತಿರ ಹೂಳಿ ಬರಬೇಕು. ಆಗಲೇ ಅವನಿಗೆ ಮನೆಯ ದಾರಿ ಕಾಣುತ್ತದೆ. ಇಲ್ಲವಾದರೆ ಅಡವಿ ಅಡವಿ ತಿರುಗುತ್ತಾನೆ. ಮುದಕಪ್ಪನ ಅಪ್ಪನಿಗೆ ಹಾಗೆ ಇಟ್ಟು ಬಂದದ್ದನ್ನು ಅವಳೇ ಕಂಡಿದ್ದಳು. ಇವನು ಅವನೇ ಆಗಿದ್ದರೆ ಇಷ್ಟು ವರ್ಷ ಮನೆಯ ಮುಂದೆಯೇ ದಾರಿ ತಪ್ಪಿ ಬಿದ್ದಿದ್ದನಲ್ಲ ಎಂದುಕೊಂಡಳು. ಅವನಲ್ಲದಿದ್ದರೆ? ಅಲ್ಲದಿದ್ದರೆ ಯಾರೋ ಪರದೇಶಿ, ಅವನಿಗೂ ಬೆಚ್ಚಗಾಗಲಿ ಬಿಡು. ಜಾಲಿ ಕಟ್ಟಿಗೆಯ ಇದ್ದಲು ನಾಲ್ಕಾರು ಚೂರು ಆರಿಸಿ ಸೆರಗಿಗೆ ಕಟ್ಟಿಕೊಂಡಳು.

ಮರುದಿನ ಎಲ್ಲರೂ ಬೇವಿನ ಮರದಡಿ ಬುತ್ತಿ ಬಿಚ್ಚಿದಾಗ ಗುಂಡಿಗಿಳಿದಳು. ತಲೆಬುರುಡೆಯ ಪಕ್ಕದ ಬೂದಿಮಣ್ಣು ಇನ್ನೂ ಮೆತ್ತಗಿತ್ತು. ಬೆರಳಿನಿಂದ ಇದ್ದಲನ್ನು ಒಳಗೆ ಒತ್ತಿ, ಮೇಲೆ ಮಣ್ಣು ಸವರಿದಳು. "ಮನಿಗಿ ಬಾ" ಎಂದಳು. ಕದ್ದು ಮಾಡಿದೆನೆಂದು ಅವಳಿಗೆ ಅನ್ನಿಸಲಿಲ್ಲ. ಗಂಡನ ಗೋರಿಗೆ ಹೆಂಡತಿ ಇದ್ದಲು ಇಡಲು ಯಾರ ಅಪ್ಪಣೆ ಬೇಕು?

ಆಮೇಲೆ ಅವಳು ದಿಬ್ಬದ ಆಚೆ ಮಣ್ಣು ಜರಡಿ ಹಿಡಿಯುವ ಕೆಲಸಕ್ಕೆ ಹೋದಳು. ಈಚೆ ಸುಲಭಾ ತಲೆಯ ಪಕ್ಕ ಕೆದಕಿದಾಗ ಸೊಗಸಾದ ಇದ್ದಲು ಸಿಕ್ಕಿತು. ಇಷ್ಟು ಗಟ್ಟಿ, ಇಷ್ಟು ಸ್ವಚ್ಛ! ಕೈ ತಾಗಿಸದೆ ಚಿಮಟಿಗೆಯಿಂದ ಎತ್ತಿ, ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಮುಚ್ಚಿದಳು. ಗಡಿಗೆಯ ಅಡಿಯಲ್ಲೂ ಒಂದಿಷ್ಟು ಪುಡಿಪುಡಿ ಇದ್ದಲು ಸಿಕ್ಕಿತ್ತು. ಅದನ್ನು ಬೇರೆ ಡಬ್ಬಿಯಲ್ಲಿ ಹಾಗೇ ಇಟ್ಟುಕೊಂಡು, ತಲೆಯ ಹತ್ತಿರದ್ದನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದಳು. ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಬೇಸಿಗೆ ಬಂತು, ಎಲುಬುಗಳನ್ನು ಇದ್ದಲ್ಲೇ ಮರಳಿನಲ್ಲಿ ಮುಚ್ಚಿ ಗುಂಡಿ ತುಂಬಿಸಿ ಎಲ್ಲರೂ ಊರಿಗೆ ಹೋದರು.

ರಂಗವ್ವ ಎಲ್ಲಿಗೆ ಹೋಗಬೇಕು? ಕುರಿ ಹೊಡೆದುಕೊಂಡು ದಿನವೂ ಬೂದಿದಿಬ್ಬಕ್ಕೆ ಬಂದಳು. ಅಲ್ಲಿ ಹುಲ್ಲೂ ಸರಿಯಾಗಿಲ್ಲ, ಕುರಿಗಳು ಬೇಸತ್ತು ಒದರಿದರೂ ಕೇಳಲಿಲ್ಲ. ಗುಂಡಿಯ ಪಕ್ಕ ಕೂತು ಉಣ್ಣೆ ನೂಲುವ ಕದಿರು ತಿರುಗಿಸುತ್ತ ಮಾತಾಡುತ್ತಿದ್ದಳು. ಯಾವ ಕುರಿ ಈಯಿತು, ಭಾವ ಎಷ್ಟು ಮುದುಕನಾದ, ಹನಮವ್ವನ ಮಗಳಿಗೆ ಎರಡನೆಯದು ಗಂಡುಮಗು. ಒಂದೊಂದು ದಿನ ಬೈಯುತ್ತಿದ್ದಳು. "ಒಂದ್ ಮಾತ್ ಹೇಳಿ ಹೋಗಾಕ ನಿನ್ನ ಗಂಟೇನ್ ಹೋಗತಿತ್ತು?" ಎಂದು ಮಣ್ಣಿಗೆ ಕೈ ಬಡಿದು ಅಳುತ್ತಿದ್ದಳು. ಅತ್ತ ದಿನ ಹಗುರಾಗಿ ಮನೆಗೆ ಬರುತ್ತಿದ್ದಳು. ಅವನು ಇದ್ದಾನೆ ಎಂದುಕೊಂಡಾಗಲೂ ಸಿಗದ ನೆಮ್ಮದಿ ಇದು. ಇದು ತಪ್ಪೋ ಸರಿಯೋ ಅವಳಿಗೆ ಅರ್ಥವಾಗಲಿಲ್ಲ. ಅವನು ಸತ್ತಿರಲಿ ಎಂದು ಬಯಸುತ್ತಿದ್ದೇನೆಯೇ ಎಂದು ಹೆದರಿ ಬೀರಪ್ಪನಿಗೆ ತಪ್ಪುಕಾಣಿಕೆ ಕಟ್ಟಿದಳು. ಏನೆಂದು ಬೇಡಿಕೊಳ್ಳಬೇಕೋ ತಿಳಿಯದೆ ಸುಮ್ಮನೆ ಕೈಮುಗಿದು ಬಂದಳು.

ಮಳೆಗಾಲ ಮುಗಿದ ಮೇಲೆ ಸುಲಭಾ ಒಬ್ಬಳೇ ಬಂದಳು. ಮುಖ ಬಾಡಿತ್ತು. ಚಂದಪ್ಪನ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದಳು, ರಂಗವ್ವನನ್ನೂ ಕರೆಸಿದಳು.

"ಉತ್ತರ ಬಂದದ. ನನಗ ಏನೂ ತಿಳೀವಲ್ದಾಗ್ಯದ. ಆ ಇದ್ದಲಿ ಹಳೇದಲ್ಲ. ಹಳೇದಲ್ಲ ಅನ್ನೂದಷ್ಟ ಅಲ್ಲ, ಅದರಾಗ ಹದಿನಾಲ್ಕು ಇರಬೇಕಾದ್ದಕ್ಕಿಂತ ಹೆಚ್ಚದ. ಹಿಂದ ಪರದೇಶದವರು ಭಾರೀ ಅಣುಬಾಂಬು ಹಾರಿಸಿ ಪರೀಕ್ಷಾ ಮಾಡಿದ್ರು. ಅವಾಗ ಜಗತ್ತಿನ ಗಾಳಿಯೊಳಗೆಲ್ಲ ಈ ಹದಿನಾಲ್ಕು ಹೆಚ್ಚಾತು. ಆ ಮ್ಯಾಲ ಬೆಳದ ಗಿಡದಾಗ ಮಾತ್ರ ಇಷ್ಟು ಇರ್ತದ. ಅಂದ್ರ ಇದು ಇಪ್ಪತ್ತು ವರ್ಷದೀಚಿನ ಕಟಗಿ."

"ಬಾಂಬು ಹಾರಿಸಿದ್ದು ಎಲ್ಲೆ, ನಮ್ಮ ಜಾಲಿಗಿಡ ಎಲ್ಲೆ?" ಎಂದ ಚಂದಪ್ಪ.

"ಗಾಳಿಗೆ ಬೇಲಿ ಹಾಕಾಕ ಆಗ್ತದೇನು ಚಂದಪ್ಪ?"

ಗಡಿಗೆ ನೋಡಿದರೆ ಸಾವಿರಾರು ವರ್ಷದ್ದು, ಇದ್ದಲು ನೋಡಿದರೆ ನಿನ್ನೆ ಮೊನ್ನೆಯದು. ಯಾರೋ ಹಳೆಯ ದಿಬ್ಬದಲ್ಲಿ ಹೊಸ ಹೆಣ ಹೂತಿರಬೇಕೆಂದು ದೊಡ್ಡ ಸಾಹೇಬರು ತೀರ್ಮಾನ ಮಾಡಿದ್ದರು. ಹೊಸ ಹೆಣವಾದರೆ ಅದು ಪೊಲೀಸರ ಪಾಲು. ಅವರು ಬರುವ ಮೊದಲು ರಂಗವ್ವನಿಗೆ ತಾನೇ ಹೇಳಬೇಕೆಂದು ಸುಲಭಾ ಓಡಿ ಬಂದಿದ್ದಳು. "ನೀ ಹೇಳಿದ್ದs ಖರೆ ಇರಬಹುದು ರಂಗವ್ವ" ಎಂದಳು.

ರಂಗವ್ವ ಬಾಗಿಲ ಚೌಕಟ್ಟು ಹಿಡಿದು ಕೂತಳು. ಅಳು ಬರಲಿಲ್ಲ. ಚಂದಪ್ಪ ಮಾತ್ರ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ತಮ್ಮನನ್ನು ಹುಡುಕಿ ಹುಡುಕಿ ಸೋತವನು ಅವನು. "ಇಷ್ಟ ವರ್ಷ ಕೈಗೆ ಸಿಗದಾಂವ ಕಾಲ ಬುಡಕs ಇದ್ದ. ಪೊಲೀಸ್ರು ಎಲುಬು ಒಯ್ಯೂದ್ರೊಳಗ ಮಾಡೂದು ಮಾಡಿಬಿಡೂಣು" ಎಂದ.

ಮರುದಿನ ಮುಂಜಾನೆ ಮನೆಮಂದಿ ಬೂದಿದಿಬ್ಬಕ್ಕೆ ಹೋದರು. ಸುಲಭಾ ಕೂಡ ಹೋದಳು. ತಾನು ತಂದ ಸುದ್ದಿಯಿಂದ ಆಗುತ್ತಿರುವುದನ್ನು ನೋಡದೆ ಬಸ್ಸು ಹತ್ತಲು ಅವಳಿಗೆ ಮನಸ್ಸಾಗಲಿಲ್ಲ. ಹನಮವ್ವ ರಂಗವ್ವನಿಗೆ ತಲೆತುಂಬ ನೀರು ಹಾಕಿ, ಕೊನೆಯ ಸಲ ಅರಿಶಿಣ ಕುಂಕುಮ ಹಚ್ಚಿ, ಹೂ ಮುಡಿಸಿ ಕರೆತಂದಿದ್ದಳು. ಅಂದು ಯಾರೂ ಹಚ್ಚಲು ಅನುಮಾನಿಸಲಿಲ್ಲ. ಗುಂಡಿಯ ಪಕ್ಕ ಕೂರಿಸಿದರು. ಹನಮವ್ವ ಒಂದು ಗುಂಡುಕಲ್ಲು ಹಿಡಿದು ರಂಗವ್ವನ ಕೈಯನ್ನು ನೆಲಕ್ಕಿಟ್ಟಳು.

"ತಡಿ" ಎಂದ ಚಂದಪ್ಪ. "ಮೊದಲ ಇದ್ದಲಿ ಇಡಬೇಕು. ರಂಗವ್ವ, ಮನಿ ಒಲಿ ಇದ್ದಲಿ ತಂದಿ ಇಲ್ಲೋ?"

"ಅದನ್ನ ಅವಾಗs ಇಟ್ಟೇನಿ ಭಾವ" ಎಂದಳು ರಂಗವ್ವ, ತಲೆ ಎತ್ತದೆ.

"ಯಾವಾಗ?"

"ಎಲುಬು ಕಂಡ ಮರುದಿನಾನ. ತಲಿ ಬಾಜೂಕ ಒಳಗ ಒತ್ತಿ ಬಂದೇನಿ. ಮತ್ತ ಅಂವಗ ದಾರಿ ಕಾಣಬ್ಯಾಡಾ?"

ದೂರ ನಿಂತಿದ್ದ ಸುಲಭಾ ಬಂದವಳೇ ಹನಮವ್ವನ ಕೈಯಿಂದ ಕಲ್ಲು ಕಿತ್ತುಕೊಂಡಳು. ಮಡಿ ಮೈಲಿಗೆ ಏನೂ ನೆನಪಾಗಲಿಲ್ಲ.

"ತಲಿ ಹತ್ರ? ಬಲಕ್ಕೋ ಎಡಕ್ಕೋ? ಯಾವ ಕಟಗಿ ಇದ್ದಲಿ?"

"ಎಡಕ್ಕ. ಜಾಲಿದು. ಯಾಕ್ರಿ ಬಾಯಾರ?"

ಸುಲಭಾ ಅಲ್ಲೇ ಮಣ್ಣಲ್ಲಿ ಕುಸಿದು ಕೂತಳು. ನಗಬೇಕೋ ಅಳಬೇಕೋ ಅವಳಿಗೂ ತಿಳಿಯಲಿಲ್ಲ. ಗಟ್ಟಿ ಇದ್ದಲು, ಸ್ವಚ್ಛ ಇದ್ದಲು ಎಂದು ಹಿಗ್ಗಿ ಕಳಿಸಿದ್ದೆನಲ್ಲ!

"ಚಂದಪ್ಪ, ಬಳಿ ಒಡೀಬ್ಯಾಡ್ರಿ. ನಾ ಕಳಿಸಿದ್ದು ಆ ಇದ್ದಲಿನ. ಈಕಿ ಒಲಿದು."

"ಹಂಗಾರ ಮಷೀನು ಸುಳ್ಳು ಹೇಳೇತೇನ್ರಿ?" ಚಂದಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಮನಿ ಹೆಣ್ಣಮಗಳನ್ನ ಗೋರಿ ಮುಂದ ಕುಂಡ್ರಿಸಿ ಏನ್ ಆಟಾ ಹಚ್ಚೀರಿ?"

"ಮಷೀನು ಖರೇನ ಹೇಳೇದ. ರಂಗವ್ವನ ಒಲಿ ವಯಸ್ಸು ಹೇಳೇದ. ಅದು ಈ ಮನಷ್ಯಾಂದು ಅಂತ ತಿಳಕೊಂಡಾಕಿ ನಾನು."

ಹನಮವ್ವ ಹೋ ಎಂದು ಅಳುತ್ತ ರಂಗವ್ವನನ್ನು ಅಪ್ಪಿಕೊಂಡಳು. ಕುಂಕುಮ ಉಳಿಯಿತು, ಬಳೆ ಉಳಿದವು. ರಂಗವ್ವ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡುತ್ತಿದ್ದಳು. "ಹಂಗಾರ ಇಂವ ಅಂವ ಹೌದೋ ಅಲ್ಲೋ?" ಎಂದು ಕೇಳಿದಳು.

ಗಡಿಗೆಯ ಅಡಿಯ ಪುಡಿ ಇದ್ದಲು ಸುಲಭಾಳ ಹತ್ತಿರ ಹಾಗೇ ಇತ್ತು. ದೊಡ್ಡ ಸಾಹೇಬರಿಂದ ಬೇಕಾದಷ್ಟು ಬೈಸಿಕೊಂಡು, ಪೊಲೀಸರ ಮಾತು ನಿಲ್ಲಿಸಿ, ಅದನ್ನು ಕಳಿಸಿದಳು. ಮತ್ತೆ ಕಾಯುವುದು. ಮತ್ತೆ ರಂಗವ್ವ ಗುಂಡಿಯ ಪಕ್ಕ ಕದಿರು ಹಿಡಿದು ಕೂತಳು. ಈಗ ಮಾತು ಮೊದಲಿನ ಹಾಗೆ ಬರುತ್ತಿರಲಿಲ್ಲ. ಹೇಳುವಾಗ ನಡುವೆ ನಿಲ್ಲಿಸಿ, ಕೇಳುತ್ತಿರುವವನು ಯಾರೆಂದು ಅನುಮಾನಿಸುತ್ತಿದ್ದಳು. ಆದರೂ ಬಂದಳು.

ಮರುವರ್ಷದ ಚಳಿಗಾಲದಲ್ಲಿ ಸುಲಭಾ ಬಂದಾಗ ಅವಳ ನಡಿಗೆಯಲ್ಲೇ ಸುದ್ದಿ ಗೊತ್ತಾಗುತ್ತಿತ್ತು. ದಿಬ್ಬದ ಮೇಲೆ ಕುರಿ ಮೇಯಿಸುತ್ತಿದ್ದ ರಂಗವ್ವನನ್ನು ಕಂಡು ದೂರದಿಂದಲೇ ಕೂಗಿದಳು.

"ಅಂವ ಅಲ್ಲ ರಂಗವ್ವ! ಮೂರು ಸಾವಿರದ ಮ್ಯಾಲ ಆಗ್ಯಾವ. ಇದು ಯಾರೋ ಹಳೇ ಕಾಲದ ದನಗಾಹಿ. ನಿಮ್ಮಾಂವ ಅಲ್ಲ!"

ರಂಗವ್ವ ಕದಿರು ತಿರುಗಿಸುವುದನ್ನು ನಿಲ್ಲಿಸಿದಳು. "ಖರೇನ್ರಿ?"

"ಖರೆ. ಈ ಸಲ ತಪ್ಪಿಲ್ಲ. ಎರಡೆರಡು ಸಲ ನೋಡ್ಯಾರ."

ಸುಲಭಾ ಕಾದಳು. ಈ ಹೆಂಗಸು ನಕ್ಕಾಳು, ಬೀರಪ್ಪನಿಗೆ ಕೈಮುಗಿದಾಳು ಎಂದುಕೊಂಡಿದ್ದಳು. ರಂಗವ್ವ ಗುಂಡಿಯನ್ನೇ ನೋಡುತ್ತಿದ್ದಳು.

"ಬಾಯಾರ, ನಿಮ್ಮ ಮಷೀನು ಸತ್ತು ಎಷ್ಟ ವರ್ಷಾತು ಅಂತ ಹೇಳತೈತಿ. ಸತ್ತಾನೋ ಇಲ್ಲೋ ಅಂತ ಹೇಳೂದಿಲ್ಲೇನ್ರಿ?"

ಸುಲಭಾಳ ಮುಖದ ಗೆಲುವು ಇಳಿಯಿತು. "ಇಲ್ಲ ರಂಗವ್ವ. ಅದಕ್ಕ ಅದು ಬರೂದಿಲ್ಲ."

"ಎರಡ ವರ್ಷ ಅಂವ ಇಲ್ಲೇ ಇದ್ದಾ ನನಗ. ಬಂದು ಕುಂಡ್ರತಿದ್ನಿ, ಬೈತಿದ್ನಿ, ಅಳತಿದ್ನಿ. ಇವತ್ತ ಮತ್ತ ಕಳಕೊಂಡ್ನಿ ನೋಡ್ರಿ."

ಇಷ್ಟು ಹೇಳಿ ರಂಗವ್ವ ಮೊದಲನೆಯ ಸಲ ಒಬ್ಬರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತಳು. ಸುಲಭಾ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.